ಕರಾವಳಿಯ ಲೈಟ್‌ಹೌಸ್ ಹತ್ತುವುದು ಹೇಗೆ: ಗೇಟಿನ ಸಮಯದಿಂದ ಹಿಂದಕ್ಕೆ ಲೆಕ್ಕ ಹಾಕಿ

ಕಾಪುವಿನ ಲೈಟ್‌ಹೌಸ್ ಬುಡದವರೆಗೂ ಹೋಗಿ ಹತ್ತದೆಯೇ ವಾಪಸ್ ಬರುವವರು ಕಡಿಮೆಯೇನಿಲ್ಲ. ಬೆಳಗ್ಗೆ ಹತ್ತಕ್ಕೆ ಹೋದವರಿಗೆ ಸಿಗುವುದು ಬೀಗ ಹಾಕಿದ ಬಾಗಿಲು. ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಏದುಸಿರು ಬಿಡುತ್ತಾ ಬಂದವರಿಗೆ ಸಿಗುವುದು "ಟೈಮ್ ಆಯ್ತು ಮಾರಾಯ್ರೆ, ನಾಳೆ ಬನ್ನಿ" ಎಂಬ ಉತ್ತರ. ಇನ್ನು ಕೆಲವರು ಒಂದೇ ದಿನಕ್ಕೆ ಮಂಗಳೂರು, ಸುರತ್ಕಲ್, ಕಾಪು, ಕುಂದಾಪುರ ಎಂದು ಪಟ್ಟಿ ಮಾಡಿಕೊಂಡು ಹೊರಟು, ಸಂಜೆಯನ್ನೆಲ್ಲ ಹೆದ್ದಾರಿಯಲ್ಲೇ ಕಳೆದು ಬರುತ್ತಾರೆ.

ಇವರೆಲ್ಲರ ಎಡವಟ್ಟು ಒಂದೇ. ಮನೆಯಿಂದ ಹೊರಡುವ ಸಮಯ ಇಟ್ಟುಕೊಂಡು ಮುಂದಕ್ಕೆ ಲೆಕ್ಕ ಹಾಕುತ್ತಾರೆ. ಲೈಟ್‌ಹೌಸಿನ ವಿಷಯದಲ್ಲಿ ಲೆಕ್ಕ ಶುರುವಾಗಬೇಕಾದದ್ದು ಗೇಟು ಮುಚ್ಚುವ ಸಮಯದಿಂದ, ಅಲ್ಲಿಂದ ಹಿಂದಕ್ಕೆ. ಜನರನ್ನು ಒಳಗೆ ಬಿಡುವ ಕಡೆಗಳಲ್ಲೆಲ್ಲ ಸಂಜೆಯ ಅದೇ ಒಂದೆರಡು ಗಂಟೆ ಬಿಡುವುದು. ಹಾಗಾಗಿ ಒಂದು ಸಂಜೆಗೆ ಒಂದೇ ಗೋಪುರ ಹತ್ತಲು ಸಾಧ್ಯ. ಉಳಿದವನ್ನು ಹೊರಗಿನಿಂದ ನೋಡಬೇಕು, ಇಲ್ಲವೇ ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಬೇಕು. ಇಷ್ಟನ್ನು ಒಪ್ಪಿಕೊಂಡರೆ ಮುಂದಿನ ಹಂತಗಳೆಲ್ಲ ಸಲೀಸು.

ಮಂಗಳೂರಿನಿಂದ ಕಾರವಾರದವರೆಗಿನ ಕರಾವಳಿಯನ್ನು ಇಟ್ಟುಕೊಂಡು ಇದನ್ನು ಬರೆದಿದ್ದೇನೆ. ಗೇಟು, ಗಾಳಿ, ಮೆಟ್ಟಿಲಿನ ಮಾತು ಕಾಸರಗೋಡು, ಕಣ್ಣೂರಿಗೂ ಅನ್ವಯಿಸುತ್ತದೆ.

ಹಂತ 1: ಯಾವುದು ಹತ್ತುವುದು, ಯಾವುದು ಬರೀ ನೋಡುವುದು

ಎಲ್ಲಕ್ಕಿಂತ ಮೊದಲು ಪಟ್ಟಿಯನ್ನು ಮೂರು ಭಾಗ ಮಾಡಿ: ಹತ್ತಬಹುದಾದವು, ಹೊರಗಿನಿಂದ ನೋಡುವಂಥವು, ದೋಣಿ ಮತ್ತು ಅನುಮತಿ ಎರಡೂ ಬೇಕಾದವು. ಹೀಗೆ ವಿಂಗಡಿಸದೆ ನಕ್ಷೆಯಲ್ಲಿ ಕಂಡ ಚುಕ್ಕೆಗಳನ್ನೆಲ್ಲ ಜೋಡಿಸಿಕೊಂಡು ಹೊರಟರೆ ಅರ್ಧ ದಾರಿಯಲ್ಲೇ ಯೋಜನೆ ಕುಸಿಯುತ್ತದೆ.

ಹತ್ತುವ ಪಟ್ಟಿಯಲ್ಲಿ ಮೊದಲು ಬರುವುದು ಕಾಪು. 1901ರ ಕಟ್ಟಡ, ಎತ್ತರ ಸುಮಾರು 27 ಮೀಟರ್, ಕಡಲಂಚಿನ ಬಂಡೆಯ ಮೇಲೆ ನಿಂತಿದೆ. ರಸ್ತೆ, ಬಸ್ಸು, ಊಟ ಎಲ್ಲ ಹತ್ತಿರ. ಒಂದನ್ನು ಮಾತ್ರ ನೋಡಲು ಪುರಸೊತ್ತಿದೆ ಎನ್ನುವವರು ಬೇರೆ ಯೋಚನೆ ಮಾಡದೆ ಕಾಪುವಿಗೆ ಹೋಗಿ. ಎರಡನೆಯದು ಸುರತ್ಕಲ್, ಎನ್‌ಐಟಿಕೆ ಬೀಚಿನ ಬಳಿ. ಇದು ಹೊಸ ಕಾಲದ ಗೋಪುರ, 1972ರದ್ದು. ಅಲ್ಲೂ ಸಂಜೆ ಹೊತ್ತು ಜನರನ್ನು ಬಿಡುವ ರೂಢಿಯಿದೆ. ಆದರೆ ಹೊರಡುವ ದಿನ ವಿಚಾರಿಸಿಯೇ ಹೋಗಬೇಕು.

ಹೊರಗಿನಿಂದ ನೋಡುವುದರಲ್ಲಿ ಮಂಗಳೂರಿನ ಬಾವುಟಗುಡ್ಡೆಯ ಹಳೇ ಗೋಪುರ ಸುಲಭದ್ದು. ನಗರದ ನಡುವೆ, ಟಾಗೋರ್ ಪಾರ್ಕಿನೊಳಗೆ ಇದೆ. ದೀಪ ಉರಿಯುವುದು ನಿಂತು ಕಾಲವಾಗಿದೆ. ಹಾಗಾಗಿ ಇದನ್ನು ಸಂಜೆಗೆ ಇಟ್ಟುಕೊಳ್ಳುವುದು ದಂಡ, ಬೆಳಗ್ಗೆಯೇ ಮುಗಿಸಿ. ಕುಂದಾಪುರದ ಕೋಡಿ ಮತ್ತು ಭಟ್ಕಳ ಬಂದರಿನ ಬಳಿಯ ಗುಡ್ಡದ ಲೈಟ್‌ಹೌಸ್ ಎರಡನ್ನೂ ಇದೇ ಪಟ್ಟಿಯಲ್ಲಿಡಿ. ಹೋದ ದಿನ ಒಳಗೆ ಬಿಟ್ಟರೆ ಅದು ಲಾಭ, ಬಿಡದಿದ್ದರೆ ನಷ್ಟವಿಲ್ಲ.

ಮೂರನೆಯ ಪಟ್ಟಿಯಲ್ಲಿ ಎರಡು ದ್ವೀಪಗಳಿವೆ: ಮಲ್ಪೆಯ ದರಿಯಾ ಬಹಾದ್ದೂರ್‌ಗಡ, ಕಾರವಾರದ ದೇವಗಡ. ಇವುಗಳ ಮಾತು ಹಂತ 9ರಲ್ಲಿದೆ.

ಎಲ್ಲರೂ ಬೀಳುವ ಗುಂಡಿಯೊಂದು ಮಲ್ಪೆಯಲ್ಲಿದೆ. ಟಿಕೆಟ್ ಕೊಟ್ಟು ಜನರನ್ನು ಕರೆದೊಯ್ಯುವ ದೋಣಿ ಹೋಗುವುದು ಸೇಂಟ್ ಮೇರಿಸ್ ದ್ವೀಪಕ್ಕೆ. ಲೈಟ್‌ಹೌಸ್ ಇರುವುದು ಬಂದರಿಗೆ ಹತ್ತಿರದ ಇನ್ನೊಂದು ದ್ವೀಪದಲ್ಲಿ. ಸೇಂಟ್ ಮೇರಿಸ್‌ನ ಕಂಬದಂಥ ಬಂಡೆಗಳನ್ನು ನೋಡಿ ಬಂದು "ದೀಪಸ್ತಂಭ ಎಲ್ಲಿ?" ಎಂದು ದೋಣಿಯವರನ್ನು ಕೇಳುವವರು ಪ್ರತಿ ಸೀಸನ್ನಿನಲ್ಲೂ ಇರುತ್ತಾರೆ.

ಹಂತ 2: ತಿಂಗಳು ಮತ್ತು ದಿನ ಆರಿಸಿ

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಸೆಕೆ ಕಡಿಮೆ, ಕಡಲು ಶಾಂತ, ಸಂಜೆ ಗುಡುಗಿನ ಕಾಟವಿಲ್ಲ. ಮಾರ್ಚ್‌ನಿಂದ ಮೇವರೆಗೂ ಹೋಗಬಹುದು, ಬೆವರಿಗೆ ತಯಾರಿರಬೇಕು ಅಷ್ಟೆ. ಗೋಪುರದೊಳಗೆ ಗಾಳಿಯಾಡುವುದು ಕಡಿಮೆ. ಏಪ್ರಿಲ್ ಸಂಜೆಯಲ್ಲಿ ಅರ್ಧ ಹತ್ತುವಷ್ಟರಲ್ಲಿ ಅಂಗಿ ಹಿಂಡುವ ಹಾಗಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ, ದ್ವೀಪದ ದೋಣಿಗಳೂ ನಿಂತಿರುತ್ತವೆ. ಮಳೆಗಾಲದ ಕಡಲು ನೋಡಲು ಚೆಂದ ನಿಜ. ದೂರದ ರಸ್ತೆಯಲ್ಲಿ ನಿಂತು ನೋಡಿ, ಬಂಡೆಯ ಮೇಲೆ ನಿಂತಲ್ಲ.

ವಾರದ ಲೆಕ್ಕವೂ ಮುಖ್ಯ. ಭಾನುವಾರ ಕಾಪುವಿನಲ್ಲಿ ಮೆಟ್ಟಿಲ ಬುಡದಿಂದಲೇ ಸಾಲು. ಗೇಟು ತೆರೆದಿರುವ ಸಮಯವೇ ಚಿಕ್ಕದು, ಅದರಲ್ಲಿ ಅರ್ಧ ಗಂಟೆ ಸಾಲಿಗೆ ಹೋದರೆ ಮೇಲೆ ನಿಲ್ಲಲು ಐದು ನಿಮಿಷ ಸಿಕ್ಕೀತು. ಸೋಮವಾರ ರಜೆ ಮಾಡುವ ಲೈಟ್‌ಹೌಸ್‌ಗಳೂ ಇವೆ. ಮಂಗಳವಾರದಿಂದ ಗುರುವಾರದೊಳಗೆ ಒಂದು ದಿನ ಆರಿಸಿದರೆ ಎರಡೂ ತಾಪತ್ರಯವಿಲ್ಲ.

ಹಂತ 3: ಗೇಟಿನ ಸಮಯದಿಂದ ಹಿಂದಕ್ಕೆ ಲೆಕ್ಕ

ಇವು ಬರೀ ಪ್ರವಾಸಿ ಕಟ್ಟಡಗಳಲ್ಲ. ಕೇಂದ್ರ ಸರ್ಕಾರದ ದೀಪಸ್ತಂಭ ಮಹಾನಿರ್ದೇಶನಾಲಯದ ಕೈಕೆಳಗೆ ದಿನಾ ಕೆಲಸ ಮಾಡುವ ಠಾಣೆಗಳು. ಕತ್ತಲಾಗುವ ಹೊತ್ತಿಗೆ ದೀಪ ಉರಿಯಲೇಬೇಕು, ಅದಕ್ಕೆ ಮೊದಲು ಜನ ಇಳಿದಿರಬೇಕು. ಸಿಬ್ಬಂದಿ ಗೇಟಿನ ವಿಷಯದಲ್ಲಿ ಖಡಕ್ಕಾಗಿರುವುದು ಇದಕ್ಕೇ, ಸೊಕ್ಕಿನಿಂದಲ್ಲ.

ಕಾಪುವಿನಲ್ಲಿ ಸಾಮಾನ್ಯವಾಗಿ ಸಂಜೆ 4ರ ಸುಮಾರಿಗೆ ಬಿಟ್ಟು 6ರ ಆಸುಪಾಸಿಗೆ ಮುಚ್ಚುತ್ತಾರೆ. ಅಂತರ್ಜಾಲದಲ್ಲಿ ಕಾಣುವ ಸಮಯಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಗೇಟಿನ ಮೇಲಿನ ಬೋರ್ಡೇ ಕೊನೆಯ ಮಾತು. ಹಿಂದಿನ ದಿನ ಆ ಊರಲ್ಲಿ ಯಾರಾದರೂ ಪರಿಚಯದವರಿದ್ದರೆ ಬೋರ್ಡಿನ ಫೋಟೊ ತೆಗೆದು ಕಳಿಸಲು ಹೇಳಿ. ಇಲ್ಲವಾದರೆ ಉಳಿದುಕೊಳ್ಳುವ ಲಾಡ್ಜಿನವರನ್ನೋ ಕಾಪು ಪೇಟೆಯ ರಿಕ್ಷಾದವರನ್ನೋ ಕೇಳಿ, ಅವರಿಗೆ ಸರಿಯಾಗಿ ಗೊತ್ತಿರುತ್ತದೆ.

ಮುಚ್ಚುವ ಸಮಯ 6 ಎಂದು ಇಟ್ಟುಕೊಳ್ಳೋಣ. ಕೊನೆಯ ಟಿಕೆಟ್ ಅದಕ್ಕೆ ಕಾಲು ಗಂಟೆಯೋ ಅರ್ಧ ಗಂಟೆಯೋ ಮುಂಚೆ ನಿಲ್ಲುತ್ತದೆ. ಹತ್ತಿ, ನೋಡಿ, ಇಳಿಯಲು ಮುಕ್ಕಾಲು ಗಂಟೆ. ಸಾಲಿಗೆ ಕಾಲು ಗಂಟೆ. ಗಾಡಿ ನಿಲ್ಲಿಸಿ ಮರಳಿನಲ್ಲಿ ನಡೆದು ಬಂಡೆ ಹತ್ತಲು ಇನ್ನೊಂದು ಕಾಲು ಗಂಟೆ. ಅಂದರೆ 4:30ಕ್ಕೆ ಬೀಚಿನಲ್ಲಿರಬೇಕು. ಮಂಗಳೂರಿನಿಂದ ಬರುವವರು 3ಕ್ಕೆ ಊರು ಬಿಡಬೇಕು. ಹೆದ್ದಾರಿ 66ರಲ್ಲಿ ಸಂಜೆಯ ಗಾಡಿಗಳ ನಡುವೆ ಒಂದು ಗಂಟೆಗೆ ತಲುಪುತ್ತೇವೆ ಎಂಬ ನಂಬಿಕೆ ಬೇಡ.

ಸೂರ್ಯಾಸ್ತದ ಆಸೆ ಇಲ್ಲಿಯೇ ಕೈಕೊಡುತ್ತದೆ. ಡಿಸೆಂಬರ್ ಮೊದಲರ್ಧದಲ್ಲಿ ಈ ಭಾಗದಲ್ಲಿ ಸೂರ್ಯ 6ರ ಸುಮಾರಿಗೆ ಮುಳುಗುತ್ತಾನೆ, ಮೇ ಕೊನೆಗೆ 7ರ ಹತ್ತಿರ. ಅಂದರೆ ಬೇಸಿಗೆಯಲ್ಲಿ ಮೇಲಿನಿಂದ ಸೂರ್ಯಾಸ್ತ ಸಿಗುವುದೇ ಇಲ್ಲ, ಚಳಿಗಾಲದಲ್ಲಿ ಸಿಕ್ಕರೆ ಅದೃಷ್ಟ. ಮೇಲೆ ಹೋಗಿ ಸೂರ್ಯನಿಗಾಗಿ ಕಾಯುವ ಯೋಚನೆ ಬಿಡಿ. ಬೆಳಕಿರುವಾಗ ಹತ್ತಿ ಇಳಿದು, ಬಂಡೆಯ ಬುಡದ ಮರಳಿನಲ್ಲಿ ಕೂತು ಸೂರ್ಯಾಸ್ತ ನೋಡಿ. ಆಗ ಗೋಪುರವೂ ಚೌಕಟ್ಟಿನೊಳಗೆ ಬರುತ್ತದೆ, ಕತ್ತಲಾದ ಮೇಲೆ ದೀಪ ತಿರುಗುವುದೂ ಕಾಣುತ್ತದೆ.

ಹಂತ 4: ತಲುಪುವ ದಾರಿ

ಬೆಂಗಳೂರಿನಿಂದ ಬರುವವರಿಗೆ ರಾತ್ರಿಯ ಪಂಚಗಂಗಾ ಎಕ್ಸ್‌ಪ್ರೆಸ್ ಅನುಕೂಲ, ಬೆಳಗ್ಗೆ ಉಡುಪಿಯ ಇಂದ್ರಾಳಿಯಲ್ಲೋ ಕುಂದಾಪುರದಲ್ಲೋ ಇಳಿಯಬಹುದು. ಕಾಪುವಿಗೆ ತೀರಾ ಹತ್ತಿರದ್ದು ಇನ್ನಂಜೆ ಸ್ಟೇಷನ್. ಆದರೆ ಅಲ್ಲಿ ನಿಲ್ಲುವ ಗಾಡಿಗಳು ಕಡಿಮೆ, ಉಡುಪಿಯಲ್ಲಿ ಇಳಿದು ಬಸ್ಸು ಹಿಡಿಯುವುದೇ ವಾಸಿ.

ಮಂಗಳೂರು–ಉಡುಪಿ ನಡುವೆ ಖಾಸಗಿ ಬಸ್ಸಿಗೆ ಬರವಿಲ್ಲ. ಹತ್ತುವಾಗಲೇ "ಕಾಪುವಲ್ಲಿ ನಿಲ್ಲಿಸ್ತೀರಾ?" ಎಂದು ಕಂಡಕ್ಟರರನ್ನು ಕೇಳಿಕೊಳ್ಳಿ, ಎಕ್ಸ್‌ಪ್ರೆಸ್ ಬಸ್ಸು ಎಲ್ಲ ಕಡೆ ನಿಲ್ಲುವುದಿಲ್ಲ. ಪೇಟೆಯಲ್ಲಿ ಇಳಿದು ಪಶ್ಚಿಮಕ್ಕೆ ಕಡಲಿನ ಕಡೆ ರಿಕ್ಷಾ. ಕುಂದಾಪುರದಿಂದ ಉತ್ತರಕ್ಕೆ ಹೋದಷ್ಟೂ ಖಾಸಗಿ ಬಸ್ಸು ಕಡಿಮೆ. ಭಟ್ಕಳ ದಾಟಿದ ಮೇಲೆ ಸರ್ಕಾರಿ ಬಸ್ಸು, ರೈಲುಗಳನ್ನೇ ನಂಬಬೇಕು, ಸಮಯ ನೋಡಿಕೊಂಡೇ ಹೊರಡಬೇಕು.

ಒಂದು ದಿನದ ಜೋಡಣೆ ಹೀಗಿರಲಿ: ಬೆಳಗ್ಗೆ ಬಾವುಟಗುಡ್ಡೆ, ಬಿಸಿಲಿಗೆ ಮೊದಲೇ. ಮಧ್ಯಾಹ್ನ ಊಟ, ವಿಶ್ರಾಂತಿ. ಸಂಜೆ ಕಾಪು. ಎರಡನೇ ದಿನವಿದ್ದರೆ ಕುಂದಾಪುರಕ್ಕೆ ಹೋಗಿ ಕೋಡಿಯಲ್ಲಿ ಸಂಜೆ ಕಳೆಯಿರಿ. ಅಲ್ಲಿನ ಸೀವಾಕ್ ಅಳಿವೆಯ ಬಾಯಿಗೆ ಚಾಚಿಕೊಂಡಿದೆ, ಮೀನಿನ ದೋಣಿಗಳು ಗಂಗೊಳ್ಳಿ ಬಂದರಿಗೆ ತಿರುಗುವುದನ್ನು ಹತ್ತಿರದಿಂದ ನೋಡಬಹುದು. ಸುರತ್ಕಲ್ ಮತ್ತು ಕಾಪು ಎರಡನ್ನೂ ಒಂದೇ ಸಂಜೆ ಹತ್ತುವ ಹಟ ಬೇಡ.

ಹಂತ 5: ಜೊತೆಗಿರಬೇಕಾದ ಸಾಮಾನು

ಚೀಲ ಚಿಕ್ಕದಿರಲಿ, ಎದೆಯ ಮೇಲೆ ಹಾಕಿಕೊಳ್ಳುವಂತಿರಲಿ. ಬೆನ್ನಿಗೆ ಹಾಕಿದ ದೊಡ್ಡ ಚೀಲ ಸುತ್ತುಮೆಟ್ಟಿಲಿನಲ್ಲಿ ಗೋಡೆಗೂ ಹಿಂದಿನವರ ಮುಖಕ್ಕೂ ತಾಗುತ್ತದೆ.

ಹಿಡಿತವಿರುವ, ಹಿಮ್ಮಡಿ ಬಿಗಿಯಾಗಿ ಕೂರುವ ಚಪ್ಪಲಿ ಅಥವಾ ಶೂ ಬೇಕೇ ಬೇಕು. ಹವಾಯಿ ಚಪ್ಪಲಿಯಲ್ಲಿ ಬಂಡೆಯೂ ಬೇಡ, ಏಣಿಯೂ ಬೇಡ. ಹತ್ತು, ಇಪ್ಪತ್ತರ ಚಿಲ್ಲರೆ ನೋಟುಗಳಿರಲಿ. ಟಿಕೆಟ್ ದರ ಅಷ್ಟೇ ಚಿಕ್ಕದು, ಕಡಲ ಗಾಳಿಯಲ್ಲಿ ಯುಪಿಐ ಯಾವಾಗ ಕೈಕೊಡುತ್ತದೋ ಹೇಳಲಾಗದು. ಕ್ಯಾಮೆರಾಗೆ ಬೇರೆ ದುಡ್ಡು ಕೇಳುವ ಕಡೆಗಳಿವೆ. ಒಂದು ಬಾಟಲಿ ನೀರು, ಚಿಕ್ಕ ಟಾರ್ಚ್, ಕನ್ನಡಕಕ್ಕೆ ದಾರ. ಟೋಪಿಯನ್ನು ಕೆಳಗೇ ಬಿಟ್ಟು ಹೋಗಿ, ಮೇಲಿನ ಗಾಳಿ ಅದನ್ನು ಉಳಿಸುವುದಿಲ್ಲ. ದುರ್ಬೀನು ಇದ್ದರೆ ತನ್ನಿ, ಅದಕ್ಕಾಗಿ ಹೊಸದು ಕೊಳ್ಳಬೇಕಿಲ್ಲ. ಬೊಂಡ ಕುಡಿಯುವುದು ಇಳಿದ ಮೇಲೆ. ಮೇಲೆ ಶೌಚಾಲಯವಿಲ್ಲ.

ಹಂತ 6: ಬಂಡೆ ಏರುವ ಮೊದಲು ಕಡಲನ್ನು ಓದಿ

ಇದನ್ನು ಬಿಟ್ಟುಬಿಡುವವರೇ ಹೆಚ್ಚು. ದೊಡ್ಡ ಅಪಾಯ ಇರುವುದು ಗೋಪುರದೊಳಗಲ್ಲ, ಅದರ ಬುಡದ ಬಂಡೆಯಲ್ಲಿ. ಕಾಪುವಿನಲ್ಲಿ ಮೆಟ್ಟಿಲಿನ ದಾರಿ ಬಿಟ್ಟು ಫೋಟೊಗಾಗಿ ಕಡಲಿನ ಬದಿಗೆ ಇಳಿಯುವವರನ್ನು ಯಾವ ಸಂಜೆ ಬೇಕಾದರೂ ನೋಡಬಹುದು.

ಬೀಚಿಗೆ ಬಂದ ಕೂಡಲೇ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ. ಬಂಡೆಯ ಮೇಲೆ ಒದ್ದೆ ಭಾಗಕ್ಕೂ ಒಣ ಭಾಗಕ್ಕೂ ನಡುವೆ ಒಂದು ಗೆರೆ ಕಾಣುತ್ತದೆ. ಈಗ ಅಲ್ಲಿ ಅಲೆ ಇಲ್ಲದಿದ್ದರೂ, ಸ್ವಲ್ಪ ಹೊತ್ತಿಗೆ ಮುಂಚೆ ನೀರು ಅಲ್ಲಿಯವರೆಗೆ ಬಂದಿತ್ತು ಎಂದು ಅದು ಹೇಳುತ್ತದೆ. ಆ ಗೆರೆಯಿಂದ ಕೆಳಗೆ ಕಾಲಿಡಬಾರದು. ಹಸಿರು, ಕಪ್ಪು ಪಾಚಿಯಿರುವ ಕಲ್ಲು ಒಣಗಿದಂತೆ ಕಂಡರೂ ಜಾರುತ್ತದೆ. ನಾವು ನೋಡುತ್ತಿರುವಾಗಲೇ ಗೆರೆ ಮೇಲೇರುತ್ತಿದ್ದರೆ ಉಬ್ಬರ ಏರುತ್ತಿದೆ ಎಂದರ್ಥ. ಉಬ್ಬರದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಹುಣ್ಣಿಮೆ ಅಮಾವಾಸ್ಯೆಗಳ ಹಿಂದೆಮುಂದೆ ನೀರು ಹೆಚ್ಚು ಮೇಲೆ ಬರುತ್ತದೆ. ನಿನ್ನೆ ಇದೇ ಹೊತ್ತಿಗೆ ಒಣಗಿತ್ತು ಎಂಬ ಲೆಕ್ಕ ಇವತ್ತಿಗೆ ನಡೆಯದು.

ಏಪ್ರಿಲ್, ಮೇ ತಿಂಗಳಲ್ಲಿ ಇನ್ನೊಂದು ವಿಷಯ ಗೊತ್ತಿರಲಿ. ಆಕಾಶ ಸ್ವಚ್ಛ, ಗಾಳಿಯೂ ಇಲ್ಲ, ಆದರೂ ದೊಡ್ಡ ದೊಡ್ಡ ಅಲೆಗಳು ಇದ್ದಕ್ಕಿದ್ದಂತೆ ದಡಕ್ಕೆ ನುಗ್ಗುತ್ತವೆ. ದಕ್ಷಿಣದ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ದಿನಗಟ್ಟಲೆ ಪ್ರಯಾಣ ಮಾಡಿ ಇಲ್ಲಿಗೆ ಬರುವುದು ಇದಕ್ಕೆ ಕಾರಣ. ಕೇರಳದವರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಸಾಗರದ ಮಾಹಿತಿ ಕೊಡುವ ಹೈದರಾಬಾದಿನ ಇಂಕಾಯಿಸ್ (INCOIS) ಸಂಸ್ಥೆ ಕರ್ನಾಟಕ ಕರಾವಳಿಗೂ ಇದರ ಮುನ್ನೆಚ್ಚರಿಕೆ ಕೊಡುತ್ತದೆ. ಹೊರಡುವ ದಿನ ಬೆಳಗ್ಗೆ ಅದನ್ನೂ ಹವಾಮಾನ ಇಲಾಖೆಯ ಬಣ್ಣದ ಎಚ್ಚರಿಕೆಯನ್ನೂ ನೋಡಿ. ಕಿತ್ತಳೆ ಅಥವಾ ಕೆಂಪು ಇದ್ದರೆ ಯೋಜನೆ ಮುಂದೂಡಿ.

ನೀರಿಗೆ ಇಳಿಯುವ ಆಸೆಯಿದ್ದರೆ ಬಂಡೆಯ ಬದಿಯಲ್ಲಿ ಬೇಡ. ಎರಡೂ ಕಡೆ ಅಲೆ ನೊರೆಯಾಗಿ ಒಡೆಯುತ್ತಾ, ನಡುವೆ ಮಾತ್ರ ನೀರು ಶಾಂತವಾಗಿ, ಗಾಢವಾಗಿ ಕಂಡರೆ ಅದು ಈಜಲು ಒಳ್ಳೆಯ ಜಾಗವಲ್ಲ. ನೀರು ವಾಪಸ್ ಕಡಲಿಗೆ ಎಳೆದುಕೊಂಡು ಹೋಗುವ ದಾರಿ ಅದು. ಲೈಫ್‌ಗಾರ್ಡ್ ಸೀಟಿ ಹೊಡೆದರೆ ವಾದಕ್ಕಿಳಿಯಬೇಡಿ.

ಹಂತ 7: ಹತ್ತುವುದು, ಇಳಿಯುವುದು

ಟಿಕೆಟ್ ಪಡೆದು ಒಳಗೆ ಹೋದ ಮೇಲೆ ಅವಸರ ಬೇಡ. ಬಿಸಿಲಿನಿಂದ ಒಳಗೆ ಹೋದಾಗ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು, ಮೊದಲ ಮೆಟ್ಟಿಲುಗಳಲ್ಲೇ ಎಡವುವವರು ಅದಕ್ಕೇ ಎಡವುವುದು.

ಸುತ್ತುಮೆಟ್ಟಿಲಿನ ಮೆಟ್ಟಿಲು ಗೋಡೆಯ ಕಡೆ ಅಗಲ, ನಡುವಿನ ಕಡೆ ಕಿರಿದು. ಹತ್ತುವಾಗಲೂ ಇಳಿಯುವಾಗಲೂ ಗೋಡೆಯ ಬದಿಯಲ್ಲೇ ಪೂರ್ತಿ ಪಾದ ಊರಿ. ಒಂದು ಕೈ ಯಾವಾಗಲೂ ಕಂಬಿಯ ಮೇಲಿರಲಿ, ಫೋನು ಜೇಬಿನಲ್ಲಿರಲಿ. ಎದುರಿಗೆ ಇಳಿಯುವವರು ಬಂದರೆ ಹತ್ತುವವರು ನಿಲ್ಲುವುದು ಮರ್ಯಾದೆ, ಸುರಕ್ಷಿತವೂ ಹೌದು. ಕಿಟಕಿಯಿರುವ ಕಡೆ ನಿಂತು ಉಸಿರು ತೆಗೆದುಕೊಳ್ಳಿ. ಸೀರೆಯುಟ್ಟವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಂಚೆಯವರು ಮೇಲೆ ಕಟ್ಟಿಕೊಳ್ಳಿ.

ಹಳೆಯ ಗೋಪುರಗಳಲ್ಲಿ ಕೊನೆಯ ಭಾಗ ಮೆಟ್ಟಿಲಲ್ಲ, ಏಣಿಯಷ್ಟು ಕಡಿದಾದ ಕಬ್ಬಿಣದ ಹಲಗೆಗಳು. ಹತ್ತುವುದು ಸುಲಭ, ಇಳಿಯುವಾಗ ಜನ ಎಡವುತ್ತಾರೆ. ಮುಖ ಏಣಿಯ ಕಡೆ ಮಾಡಿ, ಹಿಮ್ಮುಖವಾಗಿ ಇಳಿಯಿರಿ. ಮಾಮೂಲಿ ಮೆಟ್ಟಿಲಿನ ಹಾಗೆ ಮುಂದೆ ನೋಡಿಕೊಂಡು ಇಳಿಯಲು ಹೋದರೆ ಹಿಮ್ಮಡಿ ಜಾರುತ್ತದೆ. ಮಕ್ಕಳಿದ್ದರೆ ಹತ್ತುವಾಗ ದೊಡ್ಡವರು ಹಿಂದೆ, ಇಳಿಯುವಾಗ ದೊಡ್ಡವರು ಮೊದಲು. ಎತ್ತಿಕೊಳ್ಳುವ ವಯಸ್ಸಿನ ಮಗುವನ್ನು ಕೆಳಗೇ ಬಿಟ್ಟು ಇಬ್ಬರೂ ಸರದಿಯಲ್ಲಿ ಹೋಗಿ.

ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ದೇಹವೇ ಸೂಚನೆ ಕೊಡುತ್ತದೆ. ನಿಂತರೂ ಎದೆಬಡಿತ ಇಳಿಯದಿದ್ದರೆ, ಸುತ್ತು ಹತ್ತುತ್ತಾ ತಲೆ ತಿರುಗಿದರೆ, ತಣ್ಣನೆ ಬೆವರು ಬಂದರೆ ಅಲ್ಲೇ ಗೋಡೆಗೆ ಒರಗಿ ಕೂತು, ಸುಧಾರಿಸಿಕೊಂಡು ಇಳಿಯಿರಿ. "ಇನ್ನೊಂದೇ ಸುತ್ತು" ಎಂದು ಹುರಿದುಂಬಿಸುವ ಗೆಳೆಯರ ಮಾತು ಆಗ ಕೇಳಬಾರದು. ಮಂಡಿನೋವಿನ ಹಿರಿಯರಿಗೆ ಲೈಟ್‌ಹೌಸ್ ತೋರಿಸಲೇಬೇಕೆಂದಿದ್ದರೆ ಚೆನ್ನೈನ ಮರೀನಾದಲ್ಲಿ ಲಿಫ್ಟ್ ಇದೆ. ನಮ್ಮ ಕಡೆಯ ಹಳೇ ಗೋಪುರಗಳಿಗೆ ಅವರನ್ನು ಎಳೆದೊಯ್ಯುವುದು ಬೇಡ.

ಹಂತ 8: ಮೇಲೆ ಏನು ನೋಡಬೇಕು

ಮೇಲೆ ಹೋದವರಲ್ಲಿ ಹೆಚ್ಚಿನವರು ನೇರ ಜಗಲಿಗೆ ಹೋಗಿ ಸೆಲ್ಫಿ ತೆಗೆದು ಇಳಿದುಬಿಡುತ್ತಾರೆ. ದೀಪದ ಕೋಣೆ ತೆರೆದಿದ್ದರೆ ಮೊದಲು ಅದನ್ನು ನೋಡಿ.

ಹಳೇ ಮಾದರಿಯ ಲೆನ್ಸ್ ಇದ್ದಲ್ಲಿ ಅದು ಒಂದೇ ಗಾಜಿನ ತುಂಡಲ್ಲ ಎಂಬುದು ಹತ್ತಿರ ಹೋದಾಗಲೇ ತಿಳಿಯುವುದು. ನಡುವೆ ಬಟ್ಟಲಿನಂತೆ ಉಬ್ಬಿದ ಗಾಜು, ಅದರ ಸುತ್ತ ಒಂದರ ಹೊರಗೊಂದು ಬಳೆಬಳೆಯಾಗಿ ಕೂರಿಸಿದ ಮುಮ್ಮೂಲೆ ಅಂಚಿನ ಗಾಜುಗಳು, ಎಲ್ಲವನ್ನೂ ಹಿಡಿದ ಲೋಹದ ಚೌಕಟ್ಟು. ನಡುವಿನ ದೀಪ ದೊಡ್ಡದೇನಲ್ಲ. ಎಲ್ಲ ಕಡೆ ಚೆಲ್ಲಿಹೋಗುವ ಬೆಳಕನ್ನು ಈ ಬಳೆಗಳು ಬಾಗಿಸಿ ದಿಗಂತದ ಕಡೆಗೆ ಕೋಲಿನಂತೆ ಕಳಿಸುತ್ತವೆ. ದೀಪ ಆರಿ ಹೊತ್ತುವುದಿಲ್ಲ, ಲೆನ್ಸ್ ತಿರುಗುತ್ತದೆ. ಒಂದೊಂದು ಕೋಲು ನಮ್ಮನ್ನು ದಾಟುವಾಗ ನಮಗೆ ಒಂದು ಮಿನುಗು ಕಾಣುತ್ತದೆ.

ಹಗಲಿನಲ್ಲಿ ಕೋಣೆಯ ಗಾಜಿಗೆ ಪರದೆ ಎಳೆದಿರುತ್ತಾರೆ. ಅದನ್ನು ಸರಿಸಲು ಹೋಗಬೇಡಿ, ಸರಿಸಲು ಕೇಳಲೂ ಬೇಡಿ. ಬೆಳಕನ್ನು ಹೊರಗೆ ಕಳಿಸುವ ಅದೇ ಲೆನ್ಸ್ ಬಿಸಿಲನ್ನು ಒಳಗೆ ಒಂದೇ ಬಿಂದುವಿಗೆ ತಂದು ದೀಪವನ್ನು ಸುಡಬಲ್ಲದು. ಗಾಜನ್ನು ಮುಟ್ಟುವುದೂ ಬೇಡ, ಬೆರಳಿನ ಎಣ್ಣೆ ಅಂಟಿದರೆ ಒರೆಸಿ ತೆಗೆಯುವುದು ಸಿಬ್ಬಂದಿಗೆ ಕೆಲಸ. ಹಲವೆಡೆ ಈಗ ಎಲ್‌ಇಡಿ ದೀಪಗಳು ಬಂದಿವೆ, ಹಳೇ ಲೆನ್ಸ್ ಸಿಗದೆಯೂ ಇರಬಹುದು. ಮರ್ಯಾದೆಯಿಂದ ಕೇಳಿದರೆ ಸಿಬ್ಬಂದಿ ಯಾವುದಿದೆ ಎಂದು ಹೇಳುತ್ತಾರೆ. ಅವರಿಗೆ ಹಿಡಿಸುವ ಪ್ರಶ್ನೆ "ಈ ದೀಪ ಎಷ್ಟು ದೂರ ಕಾಣ್ತದೆ ಸಾರ್?" ಎಂಬುದು.

ಜಗಲಿಗೆ ಹೋದಾಗ ಗಾಳಿ ಬರುವ ದಿಕ್ಕಿಗೆ ಮುಖ ಮಾಡಿ ಒಂದು ಸಲ ನಿಂತು, ಆಮೇಲೆ ಸುತ್ತು ಬನ್ನಿ. ಕಂಬಿಯ ಮೇಲೆ ಒರಗಿ ಭಾರ ಬಿಡಬೇಡಿ. ಉಪ್ಪುಗಾಳಿಗೆ ಕಬ್ಬಿಣ ಒಳಗಿಂದ ತಿನ್ನಿಸಿಕೊಂಡಿರುತ್ತದೆ, ಬಣ್ಣದ ಕೆಳಗೆ ಉಬ್ಬಿದ ತುಕ್ಕು ಕಂಡರೆ ಅದೇ ಎಚ್ಚರಿಕೆ. ಗುಡುಗು ಕೇಳಿದರೆ, ದೂರದ್ದಾದರೂ ಸರಿ, ಕೂಡಲೇ ಒಳಗೆ ಬಂದು ಇಳಿಯಿರಿ. ಅಕ್ಟೋಬರ್ ಮತ್ತು ಮೇ ಸಂಜೆಗಳಲ್ಲಿ ಇದು ಅಪರೂಪವೇನಲ್ಲ.

ದೂರದ ಲೆಕ್ಕ ಹೀಗೆ: ಕಣ್ಣಿನ ಎತ್ತರ ಮೀಟರಿನಲ್ಲಿ ಎಷ್ಟೋ ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತ ಎಷ್ಟು ಕಿಲೋಮೀಟರ್ ದೂರ ಎಂದು ಬರುತ್ತದೆ. ಮರಳಿನಲ್ಲಿ ನಿಂತವರಿಗೆ ಸುಮಾರು ನಾಲ್ಕೂವರೆ, 27 ಮೀಟರ್ ಮೇಲೆ ನಿಂತವರಿಗೆ ಹದಿನೆಂಟೂವರೆ ಕಿಲೋಮೀಟರ್. ಬಂಡೆಯ ಎತ್ತರ ಸೇರಿದರೆ ಇನ್ನೂ ಹೆಚ್ಚು. ಮಬ್ಬಿಲ್ಲದ ದಿನ ಉತ್ತರಕ್ಕೆ ಮಲ್ಪೆಯ ಕಡೆಯ ದ್ವೀಪಗಳು, ಆಗ್ನೇಯಕ್ಕೆ ಎಲ್ಲೂರಿನ ಉಷ್ಣವಿದ್ಯುತ್ ಸ್ಥಾವರದ ಚಿಮಣಿ ಹುಡುಕಿ.

ಫೋಟೊ ಬಗ್ಗೆ ಒಂದೇ ಮಾತು: ಲೆನ್ಸ್, ಯಂತ್ರ, ರೇಡಿಯೊ ಸಲಕರಣೆಗಳ ಚಿತ್ರ ಕೇಳದೆ ತೆಗೆಯಬೇಡಿ. ಡ್ರೋನ್ ಮನೆಯಲ್ಲಿಡಿ. ಮಂಗಳೂರಿನಲ್ಲಿ ದೊಡ್ಡ ಬಂದರು, ಕಾರವಾರದಲ್ಲಿ ನೌಕಾನೆಲೆ ಇರುವ ಕರಾವಳಿ ಇದು.

ಹಂತ 9: ದ್ವೀಪದ ಲೈಟ್‌ಹೌಸ್‌ಗಳು

ಕಾರವಾರದ ದೇವಗಡದ ದೀಪ 1864ರದ್ದು, ಈ ಪಟ್ಟಿಯಲ್ಲಿ ಎಲ್ಲರ ಆಸೆ ಅದರ ಮೇಲೆ. ನೌಕಾನೆಲೆಯ ಆಸುಪಾಸಿನ ಕಡಲು ಅದು, ಕಂಡಕಂಡ ದೋಣಿ ಹತ್ತಿ ಹೋಗುವಂಥದ್ದಲ್ಲ. "ನಮಗೆ ಎಲ್ಲ ಗೊತ್ತುಂಟು, ಬನ್ನಿ" ಎನ್ನುವ ದೋಣಿಯವರ ಬಳಿ ಅನುಮತಿ ಯಾರ ಹೆಸರಿನಲ್ಲಿದೆ, ಲೈಫ್ ಜಾಕೆಟ್ ಎಷ್ಟಿವೆ ಎಂದು ಕೇಳಿ. ಎರಡರಲ್ಲಿ ಒಂದಕ್ಕೆ ಉತ್ತರ ತಡವರಿಸಿದರೂ ಹತ್ತಬೇಡಿ. ಮೊದಲು ದೀಪಸ್ತಂಭ ಇಲಾಖೆಗೆ ಬರೆದು, ಗುರುತಿನ ಚೀಟಿಯ ಪ್ರತಿ, ಜನರ ಸಂಖ್ಯೆ, ದಿನಾಂಕ ಕೊಟ್ಟು ಕೇಳಿ. ಬಂದರು ಕಚೇರಿಯಲ್ಲೂ ವಿಚಾರಿಸಿ. ಉತ್ತರ ಬರುವವರೆಗೆ ರೈಲಿನ ಟಿಕೆಟ್ ಮಾಡಬೇಡಿ.

ಮಲ್ಪೆಯ ದರಿಯಾ ಬಹಾದ್ದೂರ್‌ಗಡಕ್ಕೂ ಇದೇ ಕ್ರಮ. ದೂರ ಕಡಿಮೆ ಎಂಬ ಕಾರಣಕ್ಕೆ ಸಲೀಸೆಂದು ತಿಳಿಯಬೇಡಿ. ಅಲ್ಲಿಗೆ ದಿನವಹಿ ಪ್ರವಾಸಿ ದೋಣಿಯಿಲ್ಲ, ಇಳಿಸಿದ ದೋಣಿಯೇ ವಾಪಸ್ ಬಂದು ಕರೆದೊಯ್ಯಬೇಕು. ವಾಪಸಾಗುವ ಸಮಯ ಮಾತಾಡಿಕೊಂಡು, ಪೂರ್ತಿ ದುಡ್ಡನ್ನು ಮರಳಿ ಬಂದು ಇಳಿದ ಮೇಲೆಯೇ ಕೊಡಿ.

ಹಂತ 10: ಕತ್ತಲಾದ ಮೇಲೆ ಅರ್ಧ ಗಂಟೆ ಉಳಿಯಿರಿ

ಪ್ರತಿ ಲೈಟ್‌ಹೌಸಿಗೂ ತನ್ನದೇ ಮಿನುಗಿನ ಕ್ರಮವಿದೆ. ಇಷ್ಟು ಸೆಕೆಂಡಿಗೆ ಇಷ್ಟು ಮಿನುಗು, ಆಮೇಲೆ ಇಷ್ಟು ಕತ್ತಲು. ರಾತ್ರಿ ದೋಣಿಯವರು ಇದನ್ನು ಎಣಿಸಿ ಇದು ಯಾವ ಊರು ಎಂದು ಗುರುತಿಸುತ್ತಾರೆ. ಹಗಲಿನಲ್ಲಿ ಹತ್ತಿದಾಗಲೇ ಅಲ್ಲಿನ ಫಲಕದಲ್ಲಿ ಈ ವಿವರ ಇದ್ದರೆ ಬರೆದುಕೊಳ್ಳಿ, ಇಲ್ಲವಾದರೆ ಸಿಬ್ಬಂದಿಯನ್ನು ಕೇಳಿ. ಕತ್ತಲಾದ ಮೇಲೆ ತಾಳೆ ನೋಡಬಹುದು.

ಬೀಚಿನ ಬೀದಿದೀಪಕ್ಕೆ ಬೆನ್ನು ಹಾಕಿ ನಿಲ್ಲಿ. ಒಂದರ ಹಿಂದೊಂದು ಬರುವ ಮಿನುಗುಗಳ ಗುಂಪಿನಲ್ಲಿ ಮೊದಲನೆಯದಕ್ಕೆ ಫೋನಿನ ಸ್ಟಾಪ್‌ವಾಚ್ ಒತ್ತಿ. ಮುಂದಿನ ಗುಂಪಿನ ಮೊದಲ ಮಿನುಗಿಗೆ ಒಂದು ಸುತ್ತು. ಹೊಸಬರು ಗುಂಪಿನ ಕೊನೆಯ ಮಿನುಗಿಗೆ ನಿಲ್ಲಿಸಿಬಿಡುತ್ತಾರೆ, ಕತ್ತಲಿನ ಅವಧಿ ಲೆಕ್ಕಕ್ಕೆ ಬರುವುದೇ ಇಲ್ಲ. ಐದು ಸುತ್ತು ಬಿಡದೆ ಅಳೆದು ಐದರಿಂದ ಭಾಗಿಸಿ.

ಕಡಲಿನ ಮೇಲೆ ಕಾಣುವ ಬೇರೆ ಬೆಳಕುಗಳನ್ನು ಲೈಟ್‌ಹೌಸ್ ಎಂದುಕೊಳ್ಳಬೇಡಿ. ಸಾಲಾಗಿ ಅಲುಗಾಡುವ ಬಿಳಿ, ಹಸಿರು ಬೆಳಕು ಮೀನಿನ ದೋಣಿಗಳದ್ದು. ಅಳಿವೆ ಬಾಯಿಯಲ್ಲಿ, ಬಂದರಿನ ದಾರಿಯಲ್ಲಿ ಮಿನುಗುವ ಕೆಂಪು, ಹಸಿರು ದೀಪಗಳು ದಾರಿಯ ಅಂಚು ತೋರಿಸುವಂಥವು. ನಮ್ಮಲ್ಲಿ ಒಳಗೆ ಬರುವ ದೋಣಿಗೆ ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಎತ್ತರದಲ್ಲಿ ನಿಂತಲ್ಲೇ ಇರುವ ಕೆಂಪು ಬೆಳಕು ಬಹುಪಾಲು ಮೊಬೈಲ್ ಟವರ್.

ಗೇಟು ಮುಚ್ಚಿದ್ದರೆ

ಎಲ್ಲ ಸರಿಯಾಗಿ ಮಾಡಿಯೂ ರಿಪೇರಿ, ಬಣ್ಣ ಬಳಿಯುವುದು, ಯಾರೋ ಗಣ್ಯರ ಭೇಟಿ ಎಂದು ಬಾಗಿಲು ಹಾಕಿರಬಹುದು. ಸಿಬ್ಬಂದಿಯ ಬಳಿ ದೂರದಿಂದ ಬಂದ ಕಥೆ ಹೇಳಿ ಒತ್ತಾಯಿಸಬೇಡಿ, ಅವರ ಕೈಯಲ್ಲಿಲ್ಲ. ಪಾಗಾರ ಹಾರುವ ಯೋಚನೆಯಂತೂ ಬೇಡವೇ ಬೇಡ. ಯಾವಾಗ ತೆರೆಯುತ್ತದೆ ಎಂದು ಕೇಳಿ ಬರೆದುಕೊಂಡು, ಹಂತ 6 ಮತ್ತು 10ನ್ನು ಮಾಡಿ ಮುಗಿಸಿ. ಅವೆರಡಕ್ಕೆ ಟಿಕೆಟ್ ಬೇಕಿಲ್ಲ. ಸೂರ್ಯಾಸ್ತದ ನಂತರ ಬೀಚಿನಿಂದ ಎಲ್ಲರೂ ಒಟ್ಟಿಗೆ ಹೊರಡುವುದರಿಂದ ಪೇಟೆಗೆ ಹೋಗುವ ರಿಕ್ಷಾ ಸಿಗುವುದು ಕಷ್ಟ. ಬಂದ ರಿಕ್ಷಾದವರ ನಂಬರನ್ನು ಇಳಿಯುವಾಗಲೇ ತೆಗೆದುಕೊಂಡಿರಿ.